31 ಕ್ಲಬ್ ಸುತ್ತಿದವನು ಯಾರಿಗೂ ಬೇಡವಾದವನಾ?

ಪ್ರಶ್ನೆ: ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ವಯಸ್ಸು 20. ಮೂರು ಸೀಸನ್‌ನಲ್ಲಿ ನಾಲ್ಕು ಕ್ಲಬ್ ಬದಲಿಸಿದ್ದಾನೆ. ಭಾವನಿಗೆ ಇದು ಸರಿಹೋಗಿಲ್ಲ. "ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಅಂತ ದಿನಾ ಹೇಳುತ್ತಾರೆ. ಹುಡುಗ ಮೊಬೈಲ್ ತೋರಿಸಿ, ಉರುಗ್ವೆಯ ಅಬ್ರೆಯು ಅನ್ನುವವನು 31 ಕ್ಲಬ್‌ಗೆ ಆಡಿದ್ದಾನೆ, ವಿಶ್ವಕಪ್ಪನ್ನೂ ಆಡಿದ್ದಾನೆ ಅಂತ ವಾದಿಸುತ್ತಾನೆ. ಇಷ್ಟು ಸುತ್ತಿದವನು ಒಳ್ಳೆಯ ಆಟಗಾರನೋ, ಯಾರಿಗೂ ಬೇಡವಾದವನೋ? ಹುಡುಗನಿಗೆ ಏನು ಹೇಳಲಿ? (ಕುಂದಾಪುರದ ಒಬ್ಬ ಓದುಗರು)

ಉತ್ತರ: ನಿಮ್ಮ ಊರು ಕುಂದಾಪುರ ಅಂದಿರಲ್ಲ, ನನ್ನ ಕೆಲಸ ಅರ್ಧ ಹಗುರವಾಯಿತು. ಯಕ್ಷಗಾನದ ಕಲಾವಿದರೊಬ್ಬರು ಪೇಟೆಯಲ್ಲಿ ಎದುರು ಸಿಕ್ಕರೆ ನೀವು ಮೊದಲು ಕೇಳುವುದೇನು? "ಈ ವರ್ಷ ಯಾವ ಮೇಳ?" ಅಂತ ಅಲ್ವಾ? ಹೋದ ತಿರುಗಾಟ ಒಂದು ಮೇಳದಲ್ಲಿ, ಈ ತಿರುಗಾಟ ಇನ್ನೊಂದರಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತಾರೆ, ದೀಪಾವಳಿ ಕಳೆಯುವ ಹೊತ್ತಿಗೆ ಮತ್ತೆ ಕಟ್ಟುತ್ತಾರೆ. ಮೇಳ ಬದಲಾದರೆ "ಪಾಪ, ಅಲ್ಲಿ ಬೇಡವಾದರಂತೆ" ಅಂತ ಯಾರೂ ಮರುಗುವುದಿಲ್ಲ. ಯಾರು ಕರೆದರು, ಎಂಥ ವೇಷ ಸಿಕ್ಕಿತು ಅಂತ ಕೇಳುತ್ತಾರೆ. ಲ್ಯಾಟಿನ್ ಅಮೆರಿಕದ ಫುಟ್‌ಬಾಲ್ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ.

ನಾನು ಹದಿನೆಂಟು ವರ್ಷ ಬೆಂಗಳೂರಿನ ಬೇರೆ ಬೇರೆ ಕ್ಲಬ್‌ಗಳಲ್ಲಿ ಆಟಗಾರರ ರಿಜಿಸ್ಟ್ರೇಷನ್, ಎನ್‌ಒಸಿ, ಒಪ್ಪಂದದ ಕಾಗದಗಳನ್ನು ನೋಡಿಕೊಂಡವನು. ಗೋಲಿಗಿಂತ ಕಾಗದ ನೋಡಿದ್ದೇ ಜಾಸ್ತಿ. ಅಬ್ರೆಯು ಕಥೆಯನ್ನೂ ಸ್ವಲ್ಪ ಆ ಕಣ್ಣಿನಿಂದಲೇ ಹೇಳುತ್ತೇನೆ.

ಸೆಬಾಸ್ಟಿಯನ್ ಅಬ್ರೆಯು ಹುಟ್ಟಿದ್ದು 1976ರಲ್ಲಿ, ಉರುಗ್ವೆಯ ಮಿನಾಸ್ ಎಂಬ ಸಣ್ಣ ಊರಿನಲ್ಲಿ. ಆರಡಿ ಮೀರಿದ ಎತ್ತರ, ಎಡಗಾಲು, ಭುಜದವರೆಗೆ ಕೂದಲು, ಬೆನ್ನ ಮೇಲೆ 13 ನಂಬರ್. ಜನ ಇಟ್ಟ ಹೆಸರು "ಎಲ್ ಲೋಕೊ". ಹುಚ್ಚ ಅಂತ ಅರ್ಥ. (ಆಟಗಾರರನ್ನು ಅಭಿಮಾನಿಗಳು ಏಕವಚನದಲ್ಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ.) 1995ರಲ್ಲಿ ಮೊಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್‌ನಲ್ಲಿ ಶುರು ಮಾಡಿದ. 2021ರಲ್ಲಿ ಅದೇ ಊರಿನ ಸುದ್ ಅಮೆರಿಕಾ ಕ್ಲಬ್‌ನಲ್ಲಿ ಬೂಟು ಬಿಚ್ಚಿದ. ಆಗ ವಯಸ್ಸು 44. ನಡುವೆ 26 ವರ್ಷ, 31 ಕ್ಲಬ್, 11 ದೇಶ. ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು ಅವನ 26ನೇ ಕ್ಲಬ್. ಗಿನ್ನೆಸ್ ದಾಖಲೆ ಆದದ್ದು ಆಗಲೇ. ಅದಕ್ಕೂ ಮೊದಲು 25 ಕ್ಲಬ್‌ಗಳ ದಾಖಲೆ ಜರ್ಮನಿಯ ಗೋಲ್‌ಕೀಪರ್ ಲುಟ್ಜ್ ಫಾನೆನ್‌ಸ್ಟೀಲ್ ಹೆಸರಿನಲ್ಲಿತ್ತು.

ಈಗ ನಿಮ್ಮ ಪ್ರಶ್ನೆ. ಬೇಡವಾದವನಾ?

31 ಅನ್ನುವುದು ಬೇರೆ ಬೇರೆ ಕ್ಲಬ್‌ಗಳ ಲೆಕ್ಕ. ಆದರೆ ಅವನು ಒಂದೇ ಕ್ಲಬ್‌ಗೆ ಎಷ್ಟು ಸಲ ವಾಪಸ್ ಹೋದ ಅಂತ ನೋಡಿ. ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ಎರಡು ಸಲ ಕರೆಯಿತು. ರಿವರ್ ಪ್ಲೇಟ್ ಎರಡು ಸಲ. ಅವನು ಚಿಕ್ಕಂದಿನಿಂದ ಪ್ರೀತಿಸಿದ ಮೊಂಟೆವಿಡಿಯೊದ ನಾಸಿಯೊನಾಲ್ ಮತ್ತೆ ಮತ್ತೆ ಕರೆಯಿತು, ಅಲ್ಲಿ ಲೀಗ್ ಪ್ರಶಸ್ತಿಗಳನ್ನೂ ಗೆದ್ದ. ಬೇಡವಾದ ಮನುಷ್ಯನನ್ನು ಯಾರಾದರೂ ಎರಡನೇ ಸಲ ಊಟಕ್ಕೆ ಕರೆಯುತ್ತಾರಾ? ನಾನು ಆಟಗಾರನ ಕಾಗದ ಕೈಗೆ ಬಂದಾಗ ಮೊದಲು ನೋಡುತ್ತಿದ್ದದ್ದು ಇದನ್ನೇ. ಎಷ್ಟು ಕ್ಲಬ್ ಅನ್ನುವುದು ಆಮೇಲೆ. ಬಿಟ್ಟುಬಂದ ಕ್ಲಬ್ ಫೋನ್ ಎತ್ತಿ ಅವನ ಬಗ್ಗೆ ಏನು ಹೇಳುತ್ತದೆ ಅನ್ನುವುದು ಮೊದಲು.

ಹಾಗಂತ ಎಲ್ಲ ಬದಲಾವಣೆಯೂ ಅವನ ಇಷ್ಟದಿಂದ ಆದದ್ದಲ್ಲ. 1998ರ ಆರಂಭದಲ್ಲಿ ಸ್ಪೇನ್‌ನ ಡಿಪೊರ್ಟಿವೊ ಲಾ ಕೊರುನ್ಯಾ ಅವನನ್ನು ಕೊಂಡಿತು. ಆಗ ಅದು ಏರುತ್ತಿದ್ದ ತಂಡ. 21 ವರ್ಷದ ಹುಡುಗನಿಗೆ ಆಡಲು ಜಾಗ ಸಿಗಲಿಲ್ಲ. ಕ್ಲಬ್ ಅವನನ್ನು ಲೋನ್ ಮೇಲೆ ಕಳಿಸುತ್ತಾ ಹೋಯಿತು. ಬ್ರೆಜಿಲ್‌ನ ಗ್ರೆಮಿಯೊ, ಮೆಕ್ಸಿಕೊದ ಟೆಕೊಸ್, ಮತ್ತೆ ಸ್ಯಾನ್ ಲೊರೆಂಜೊ. ಹಸು ಒಬ್ಬರದು, ಹಾಲು ಕರೆಯುವವರು ಇನ್ನೊಬ್ಬರು ಅಂದಹಾಗೆ. 2000ದಲ್ಲಿ ಡಿಪೊರ್ಟಿವೊ ಸ್ಪೇನ್‌ನ ಲೀಗ್ ಗೆದ್ದುಬಿಟ್ಟಿತು. ಆ ಕ್ಲಬ್‌ನ ಇತಿಹಾಸದಲ್ಲಿ ಅದೊಂದೇ ಲೀಗ್ ಪ್ರಶಸ್ತಿ. ಅಬ್ರೆಯು ಆಗ ಮೆಕ್ಸಿಕೊದಲ್ಲಿದ್ದ.

ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಯೋಚಿಸಿ: ಅಲ್ಲೇ ಬೆಂಚಿನ ಮೇಲೆ ಕೂತಿದ್ದರೆ ಒಂದು ಪದಕ ಸಿಗುತ್ತಿತ್ತು, ಆಟ ತುಕ್ಕು ಹಿಡಿಯುತ್ತಿತ್ತು. ಅವನು ಹೊರಗೆ ಆಡುತ್ತಲೇ ಇದ್ದ. 2001ರಲ್ಲಿ ಸ್ಯಾನ್ ಲೊರೆಂಜೊ ಅರ್ಜೆಂಟೀನಾದ ಚಾಂಪಿಯನ್ ಆಯಿತು. 2002ರಲ್ಲಿ ಮೆಕ್ಸಿಕೊದ ಕ್ರೂಸ್ ಅಸುಲ್‌ಗೆ ಒಂದೇ ಟೂರ್ನಿಯಲ್ಲಿ 19 ಗೋಲು ಹೊಡೆದು ಲೀಗ್‌ನಲ್ಲೇ ಮೊದಲಿಗನಾದ. ಅದೇ ವರ್ಷ ವಿಶ್ವಕಪ್ ತಂಡದಲ್ಲಿ ಹೆಸರು ಬಂತು. ಸ್ಟ್ರೈಕರ್ ಅಂದರೆ ಹೀಗೆ. ಆಡದ ಸ್ಟ್ರೈಕರ್‌ಗೆ ಬೆಲೆ ಇಲ್ಲ, ಗೋಲು ಹೊಡೆಯುವವನಿಗೆ ಊರು ಯಾವುದಾದರೇನು?

ಒಂದೇ ಟೂರ್ನಿ ಅಂದೆನಲ್ಲ, ಅದರಲ್ಲೇ ಅರ್ಧ ಗುಟ್ಟಿದೆ. ಯುರೋಪಿನಲ್ಲಿ ಆಗಸ್ಟ್‌ನಿಂದ ಮೇವರೆಗೆ ಒಂದು ಲೀಗ್, ಒಬ್ಬ ಚಾಂಪಿಯನ್. ಮೆಕ್ಸಿಕೊದಲ್ಲಿ 1996ರಿಂದ ವರ್ಷಕ್ಕೆ ಎರಡು ಲೀಗ್, ಎರಡು ಚಾಂಪಿಯನ್. ಅರ್ಜೆಂಟೀನಾದಲ್ಲೂ ತುಂಬ ವರ್ಷ ಹಾಗೇ ಇತ್ತು. ಒಂದು ಅಪೆರ್ತೂರಾ, ಒಂದು ಕ್ಲೌಸೂರಾ. ಆರಂಭದ್ದು, ಮುಕ್ತಾಯದ್ದು ಅಂತ ಅರ್ಥ. ನಮ್ಮ ಮುಂಗಾರು, ಹಿಂಗಾರು ಬೆಳೆ ಇದ್ದಹಾಗೆ. ಮುಂಗಾರಿನಲ್ಲಿ ಕೈಗೆ ಏನೂ ಬರದಿದ್ದರೆ ಹಿಂಗಾರಿಗೆ ಬೇರೆ ಬೀಜ ಹಾಕುತ್ತಾರೆ. ಕ್ಲಬ್‌ನವರು ಆರು ತಿಂಗಳಿಗೊಮ್ಮೆ ಕೋಚ್ ಬದಲಿಸುತ್ತಾರೆ, ಹೊಸ ಕೋಚ್ ಹೊಸ ಸ್ಟ್ರೈಕರ್ ಕೇಳುತ್ತಾನೆ. ಬ್ಯಾಕ್‌ನಲ್ಲಿ ಆಡುವ ನಾಲ್ಕು ಜನರನ್ನು ಹಾಗೆ ಬದಲಿಸಿದರೆ ತಂಡ ಕುಸಿಯುತ್ತದೆ. ಅವರಿಗೆ ಒಬ್ಬರ ಹೆಜ್ಜೆ ಒಬ್ಬರಿಗೆ ಗೊತ್ತಿರಬೇಕು. ಮುಂದೆ ನಿಲ್ಲುವ ಎತ್ತರದ ಮನುಷ್ಯನ ಕೆಲಸ ಸರಳ. ಎರಡೂ ಬದಿಯಿಂದ ಚೆಂಡು ಗಾಳಿಯಲ್ಲಿ ಬರಲಿ, ಅವನು ತಲೆ ಕೊಡುತ್ತಾನೆ. ಕೆಳಗಿನ ಸ್ಥಾನದಲ್ಲಿ ಒದ್ದಾಡುವ ತಂಡಕ್ಕೆ ಅಂಥವನು ಸೋಮವಾರ ಬಂದರೆ ಭಾನುವಾರಕ್ಕೆ ಸಿದ್ಧ. ಅದಕ್ಕೇ ಪ್ರಪಂಚದಲ್ಲಿ ಜಾಸ್ತಿ ಊರು ಸುತ್ತುವವರು ಸ್ಟ್ರೈಕರ್‌ಗಳು, ಇಲ್ಲದಿದ್ದರೆ ಎರಡನೇ ಗೋಲ್‌ಕೀಪರ್‌ಗಳು.

ಇನ್ನೊಂದು, ಭಾಷೆ. 11 ದೇಶ ಅಂದ ಕೂಡಲೇ ನಮಗೆ ಭೂಗೋಳವೇ ಕಣ್ಣ ಮುಂದೆ ಬರುತ್ತದೆ. ಆದರೆ ಉರುಗ್ವೆ, ಅರ್ಜೆಂಟೀನಾ, ಸ್ಪೇನ್, ಮೆಕ್ಸಿಕೊ, ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್, ಚಿಲಿ, ಈ ಎಂಟೂ ಕಡೆ ಸ್ಪ್ಯಾನಿಷ್. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್. ಅದೂ ಕಿವಿಗೆ ಹತ್ತಿರದ್ದೇ. ಧಾರವಾಡದವರು ಮಂಗಳೂರಿಗೆ ಬಂದಹಾಗೆ. ರಾಗ ಬೇರೆ, ಜಗಳ ಆಡುವಷ್ಟು ಮಾತು ಅರ್ಥವಾಗುತ್ತದೆ. ಉಳಿದದ್ದು ಎರಡು, ಇಸ್ರೇಲ್ ಮತ್ತು ಗ್ರೀಸ್. ಇಸ್ರೇಲಿನ ಬೆಯಿತಾರ್ ಜೆರುಸಲೇಂನಲ್ಲಿ ಕೆಲವೇ ವಾರ. ಗ್ರೀಸಿನ ಆರಿಸ್‌ನಲ್ಲಿ ಅರ್ಧ ಸೀಸನ್. ನಾನು ಇದನ್ನು ಕಾಕತಾಳೀಯ ಅಂತ ಒಪ್ಪುವುದಿಲ್ಲ. ಲಾಕರ್ ರೂಮಿನಲ್ಲಿ ನಗಿಸಲು ಬರದಿದ್ದರೆ ಹೊಸಬನಿಗೆ ಬೇಗ ಜಾಗ ಸಿಗುವುದಿಲ್ಲ. ಅಬ್ರೆಯು ಶಕ್ತಿ ಇದ್ದದ್ದೇ ಬಾಯಲ್ಲಿ.

2008 ಅವನ ಬದುಕಿನ ಒಳ್ಳೆಯ ಮಾದರಿ. ಆ ವರ್ಷದ ಮೊದಲರ್ಧ ರಿವರ್ ಪ್ಲೇಟ್‌ನಲ್ಲಿ. ಕೋಚ್ ಡಿಯೇಗೊ ಸಿಮಿಯೋನೆ. ತಂಡ ಕ್ಲೌಸೂರಾ ಗೆದ್ದಿತು. ಅಬ್ರೆಯು ಇಸ್ರೇಲಿಗೆ ಹೋದ, ಬೇಗನೇ ವಾಪಸ್ ಬಂದ. ವರ್ಷದ ಎರಡನೇ ಅರ್ಧದಲ್ಲಿ ಅದೇ ರಿವರ್ ಲೀಗ್‌ನ ಕೊನೆಯ ಸ್ಥಾನದಲ್ಲಿ ನಿಂತಿತು. 20ಕ್ಕೆ 20ನೇ ಸ್ಥಾನ! ಒಂದೇ ವರ್ಷ, ಒಂದೇ ಅಂಗಿ. ಹೀಗಾದ ಮೇಲೆ ಜನವರಿಯಲ್ಲಿ ಸ್ಪೇನ್‌ನ ಎರಡನೇ ಡಿವಿಷನ್‌ನಲ್ಲಿದ್ದ ರಿಯಲ್ ಸೊಸಿಯೆದಾದ್‌ಗೆ ಹೊರಟ, ಅಲ್ಲಿ ಗೋಲು ಹೊಡೆದ, ಬೇಸಿಗೆಗೆ ಗ್ರೀಸ್, ಮುಂದಿನ ಜನವರಿಗೆ ಬ್ರೆಜಿಲ್‌ನ ಬೊಟಾಫೊಗೊ. ಸೂಟ್‌ಕೇಸ್ ಅಟ್ಟಕ್ಕೆ ಹಾಕುವುದೇ ಬೇಡ ಅನ್ನುವಂಥ ಎರಡು ವರ್ಷ. ಮನೆಯವರ ಪಾಡು ಏನಾಗಿತ್ತೋ, ಅದನ್ನು ಯಾರೂ ಅಂಕಿಅಂಶದಲ್ಲಿ ಬರೆಯುವುದಿಲ್ಲ.

ಬೊಟಾಫೊಗೊದಲ್ಲಿ ಅವನು ನಿಂತ. ಅಲ್ಲಿನ ಜನ ಅವನನ್ನು ಹೆಗಲ ಮೇಲೆ ಹೊತ್ತರು. 13 ನಂಬರ್ ಅಂದರೆ ಪ್ರಾಣ ಬಿಡುತ್ತಿದ್ದ ಇನ್ನೊಬ್ಬ ದೊಡ್ಡ ಮನುಷ್ಯ, ಬ್ರೆಜಿಲ್‌ನ ವಿಶ್ವಕಪ್ ವೀರ ಜಗಾಲೊ, ಆಟಗಾರನಾಗಿದ್ದಾಗ ಆಡಿದ ಕ್ಲಬ್ ಅದು. 2010ರ ಏಪ್ರಿಲ್ 18, ಮರಕಾನಾ ಮೈದಾನ, ರಿಯೊ ರಾಜ್ಯದ ಪ್ರಶಸ್ತಿಗೆ ಫ್ಲಾಮೆಂಗೊ ಎದುರು ಪಂದ್ಯ. ಅಬ್ರೆಯುಗೆ ಪೆನಾಲ್ಟಿ, ಅಂದರೆ ಕೀಪರ್ ಒಬ್ಬನನ್ನೇ ಎದುರಿಸುವ ಒದೆತ. ಜೋರಾಗಿ ಓಡಿ ಬಂದು, ಕೊನೆಯ ಕ್ಷಣದಲ್ಲಿ ಚೆಂಡಿನ ಅಡಿಗೆ ಬೂಟಿನ ತುದಿ ಕೊಟ್ಟು, ಮೆಲ್ಲಗೆ ನಟ್ಟನಡುವೆ ಎತ್ತಿ ಹಾಕಿದ. ಕೀಪರ್ ಹಾರಿಯಾಗಿತ್ತು. ಬೊಟಾಫೊಗೊ 2-1ರಿಂದ ಗೆದ್ದಿತು. ಈ ಒದೆತಕ್ಕೆ ಪನೆಂಕಾ ಅಂತ ಹೆಸರು. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜೆಕೊಸ್ಲೊವಾಕಿಯಾದ ಆಂಟೊನಿನ್ ಪನೆಂಕಾ ಹೊಡೆದಾಗಿನಿಂದ ಬಂದದ್ದು. ಚೆಂಡು ಗೋಲಾದರೆ ಹೀರೊ. ಕೀಪರ್ ಅಲ್ಲೇ ನಿಂತುಬಿಟ್ಟರೆ ಜನ್ಮವಿಡೀ ನಗೆಪಾಟಲು.

ಎರಡೂವರೆ ತಿಂಗಳಾದ ಮೇಲೆ, ಜುಲೈ 2. ಜೊಹಾನೆಸ್‌ಬರ್ಗ್, ವಿಶ್ವಕಪ್ ಕ್ವಾರ್ಟರ್ ಫೈನಲ್, ಉರುಗ್ವೆ ಎದುರು ಘಾನಾ. ಈ ಪಂದ್ಯ ಎಲ್ಲರಿಗೂ ನೆನಪಿರುವುದು ಉರುಗ್ವೆಯ ಸುವಾರೆಜ್ ಕೊನೆಯ ನಿಮಿಷದಲ್ಲಿ ಕೈಯಿಂದ ಚೆಂಡು ತಡೆದದ್ದಕ್ಕೆ, ಘಾನಾದ ಜ್ಯಾನ್ ಆ ಪೆನಾಲ್ಟಿಯನ್ನು ಕ್ರಾಸ್‌ಬಾರ್‌ಗೆ ಬಡಿದದ್ದಕ್ಕೆ. ನಮ್ಮವನು 76ನೇ ನಿಮಿಷಕ್ಕೆ ಕವಾನಿ ಬದಲು ಬಂದಿದ್ದ. ಪಂದ್ಯ 1-1, ಪೆನಾಲ್ಟಿ ಶೂಟೌಟ್. ನಾಲ್ಕು ನಾಲ್ಕು ಒದೆತ ಮುಗಿದಾಗ ಉರುಗ್ವೆ 3, ಘಾನಾ 2. ಐದನೆಯವನು ಅಬ್ರೆಯು. ಇದು ಗೋಲಾದರೆ ಉರುಗ್ವೆ ಸೆಮಿಫೈನಲ್‌ಗೆ, 1970ರ ನಂತರ ಮೊದಲ ಸಲ.

ನೀವೇ ಹೇಳಿ, ಇಂಥ ಹೊತ್ತಿಗೆ ಯಾರಾದರೂ ಸುಮ್ನೆ ಮೂಲೆಗೆ ಬಲವಾಗಿ ಹೊಡೆಯುತ್ತಾರೆ ಅಲ್ವಾ? ಏಪ್ರಿಲ್‌ನಲ್ಲಿ ಹೊಡೆದ ಒದೆತ ಟಿವಿಯಲ್ಲಿ ಪ್ರಪಂಚವೆಲ್ಲ ನೋಡಿತ್ತು. ಕೀಪರ್ ಕಿಂಗ್‌ಸನ್ ಎದುರು ನಿಂತಿದ್ದಾನೆ. ಅಬ್ರೆಯು ಓಡಿ ಬಂದ, ಎಡಗಾಲು ಬೀಸಿದ. ಕಿಂಗ್‌ಸನ್ ಬದಿಗೆ ಬಿದ್ದ. ಚೆಂಡು ಮಾತ್ರ ಸಂಜೆ ವಾಕಿಂಗ್ ಹೊರಟವರ ಹಾಗೆ ನಿಧಾನವಾಗಿ ನಟ್ಟನಡುವೆ ಹೋಗಿ ಬಲೆಯಲ್ಲಿ ಕೂತಿತು. ಅವನು ಕೈ ಚಾಚಿ ಓಡಿದ. ನಾನು ಆ ರಾತ್ರಿ ಟಿವಿ ಎದುರು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಕಾಫಿ ಆರಿದ್ದು ಗೊತ್ತಾಗಲಿಲ್ಲ.

ಆ ಧೈರ್ಯಕ್ಕೂ ಅವನ ಅಲೆದಾಟಕ್ಕೂ ನಂಟಿದೆ ಅಂತ ನನ್ನ ಅನಿಸಿಕೆ. ಆರಾರು ತಿಂಗಳಿಗೆ ಹೊಸ ಊರಿನ ಹೊಸ ಜನರೆದುರು "ನಾನು ಬೇಕು" ಅಂತ ತೋರಿಸಿ ತೋರಿಸಿ ಅವನಿಗೆ ಎದೆ ಗಟ್ಟಿಯಾಗಿತ್ತು. ಉರುಗ್ವೆ ಪರ 70 ಪಂದ್ಯ, 26 ಗೋಲು. 2011ರಲ್ಲಿ ಕೋಪಾ ಅಮೆರಿಕಾ ಗೆದ್ದ ತಂಡದಲ್ಲೂ ಇದ್ದ. ಅಂದಹಾಗೆ ಇಡೀ ಉರುಗ್ವೆಯ ಜನಸಂಖ್ಯೆ ಸುಮಾರು 35 ಲಕ್ಷ. ಬೆಂಗಳೂರಿನ ಮೂರನೇ ಒಂದು ಪಾಲೂ ಇಲ್ಲ. ಅಷ್ಟು ಸಣ್ಣ ದೇಶದ ಲೀಗ್‌ನಲ್ಲಿ ದುಡ್ಡು ಕಡಿಮೆ, ಹಾಗಾಗಿ ಅಲ್ಲಿನ ಹುಡುಗರು ಹೊರಡಲೇಬೇಕು. ನಮ್ಮ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಮುಂಬೈ ಬಸ್ ಹತ್ತಿದವರ ಹಾಗೆ.

ಕೊನೆಯ ಐದಾರು ವರ್ಷದ ಬಗ್ಗೆ ಮಾತ್ರ ನನಗೆ ಅಷ್ಟು ಹೊಗಳಿಕೆ ಇಲ್ಲ. ದಾಖಲೆಯ ಆಸೆಯೂ ಅದರಲ್ಲಿ ಸೇರಿತ್ತು ಅನಿಸುತ್ತದೆ. ಎಲ್ ಸಾಲ್ವಡಾರ್‌ನ ಸಾಂಟಾ ಟೆಕ್ಲಾದಲ್ಲಿ 2016ರಲ್ಲಿ ಪ್ರಶಸ್ತಿ ಗೆದ್ದದ್ದು ನಿಜ. ಆದರೆ ಬ್ರೆಜಿಲ್‌ನ ರಾಜ್ಯ ಮಟ್ಟದ ಟೂರ್ನಿಗೆ ಒಂದೆರಡು ತಿಂಗಳು, ಚಿಲಿಯ ಎರಡನೇ ಡಿವಿಷನ್‌ಗೆ ಒಂದಷ್ಟು ತಿಂಗಳು ಅಂತ ಹೋದದ್ದನ್ನು 20 ವರ್ಷದ ಹುಡುಗ ಮಾದರಿ ಅಂದುಕೊಳ್ಳಬಾರದು. ಅದು ಹೊಟ್ಟೆ ತುಂಬಿದವನ ತೀರ್ಥಯಾತ್ರೆ.

ಬೇರೆ ಥರದ ಅಲೆದಾಟವೂ ಇದೆ. ಫ್ರಾನ್ಸ್‌ನ ನಿಕೊಲಾ ಅನೆಲ್ಕಾ. ಆರ್ಸೆನಲ್ 1997ರಲ್ಲಿ ಸುಮಾರು 5 ಲಕ್ಷ ಪೌಂಡ್‌ಗೆ ತಂದ ಹುಡುಗನನ್ನು 1999ರಲ್ಲಿ ರಿಯಲ್ ಮ್ಯಾಡ್ರಿಡ್ ಎರಡು ಕೋಟಿ ಪೌಂಡ್‌ಗೂ ಹೆಚ್ಚು ಕೊಟ್ಟು ಕೊಂಡಿತು. ಅಲ್ಲಿ ಪ್ರಾಕ್ಟೀಸ್‌ಗೆ ಬರಲ್ಲ ಅಂತ ಕೂತ, ಕ್ಲಬ್ ಅಮಾನತು ಮಾಡಿತು. ಅದೇ ಸೀಸನ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡೂ ಪಂದ್ಯದಲ್ಲಿ ಜರ್ಮನಿಯ ಬಯರ್ನ್ ಮೇಲೆ ಗೋಲು ಹೊಡೆದು ಕಪ್ಪನ್ನೂ ಗೆದ್ದ! ಆಮೇಲೆ ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ, ಟರ್ಕಿ, ಬೋಲ್ಟನ್, ಚೆಲ್ಸಿ, ಚೀನಾ, ಇಟಲಿ. 2014ರಲ್ಲಿ ನಮ್ಮ ಮುಂಬೈ ಸಿಟಿಗೂ ಬಂದ, ಮರುವರ್ಷ ಅಲ್ಲೇ ಆಟಗಾರ-ಕೋಚ್ ಎರಡೂ ಆದ. ಅಬ್ರೆಯುಗಿಂತ ಆಟ ಎಷ್ಟೋ ಮೇಲು. ಆದರೆ ಬಿಟ್ಟುಬಂದ ಎಷ್ಟೋ ಕಡೆ ಮುನಿಸು. ಬಿಟ್ಟುಹೋದ ಮೇಲೆ ಅವನನ್ನು ಮತ್ತೆ ಕರೆದದ್ದು, ಅವನು ಮೊದಲು ಆಡಿದ ಪ್ಯಾರಿಸ್ ಕ್ಲಬ್ ಒಂದೇ.

ಮನೆಯ ಹತ್ತಿರದ ಉದಾಹರಣೆ ಬೇಕಾ? ಸುನಿಲ್ ಛೆಟ್ರಿ. ಬೆಂಗಳೂರು ಎಫ್‌ಸಿ ಅಂದ ಕೂಡಲೇ ಛೆಟ್ರಿ ಅನ್ನುವ ನಾವು, 2013ರಲ್ಲಿ ಇಲ್ಲಿಗೆ ಬರುವ ಮೊದಲು ಅವನು ಎಷ್ಟು ಕಡೆ ಆಡಿದ್ದ ಅನ್ನುವುದನ್ನೇ ಮರೆತಿದ್ದೇವೆ. ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕ್ಯಾನ್ಸಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ, ಚರ್ಚಿಲ್ ಬ್ರದರ್ಸ್. ಹೊರದೇಶದಲ್ಲಿ ಸರಿಯಾಗಿ ಆಡಲು ಸಿಗಲಿಲ್ಲ, ವಾಪಸ್ ಬಂದ. 2015ರಲ್ಲಿ ಮುಂಬೈ ಸಿಟಿ ಹರಾಜಿನಲ್ಲಿ 1.2 ಕೋಟಿ ಕೊಟ್ಟು ತೆಗೆದುಕೊಂಡಿತು. ಯಾಕೆಂದರೆ ಅವನ ಬೆಂಗಳೂರು ತಂಡ ಆಗ ಐ-ಲೀಗ್ ಎಂಬ ಟೂರ್ನಿಯಲ್ಲಿತ್ತು, ಮುಂಬೈ ಆಡುತ್ತಿದ್ದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬೇರೆ ತಿಂಗಳಲ್ಲಿ ನಡೆಯುತ್ತಿತ್ತು. ಪಟ್ಟಿಯಲ್ಲಿ ಇದು ಕ್ಲಬ್ ಬದಲಾವಣೆ ಅಂತ ಕಾಣುತ್ತದೆ, ನಿಜದಲ್ಲಿ ಖಾಲಿ ತಿಂಗಳಲ್ಲಿ ಇನ್ನೊಂದು ಕೆಲಸ. ನಿಮ್ಮ ಹುಡುಗನ ನಾಲ್ಕರಲ್ಲೂ ಇಂಥದ್ದು ಒಂದಿರಬಹುದು, ಕೇಳಿ ನೋಡಿ.

ಈಗ ಕಾಗದದ ಮಾತು. ಫಿಫಾ ನಿಯಮದಂತೆ ಒಂದು ಸೀಸನ್‌ನಲ್ಲಿ ಒಬ್ಬ ಆಟಗಾರನನ್ನು ಹೆಚ್ಚೆಂದರೆ ಮೂರು ಕ್ಲಬ್‌ಗಳಲ್ಲಿ ರಿಜಿಸ್ಟರ್ ಮಾಡಬಹುದು, ಅಧಿಕೃತ ಪಂದ್ಯ ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಅಬ್ರೆಯು ಕೂಡ ಇದನ್ನು ದಾಟುವಂತಿರಲಿಲ್ಲ. ಪ್ರೊಫೆಷನಲ್ ಒಪ್ಪಂದ ಮುಗಿಯಲು ಆರು ತಿಂಗಳಿದ್ದಾಗಲೇ ಹುಡುಗ ಬೇರೆ ಕ್ಲಬ್ ಜತೆ ಮಾತಾಡಿ ಸಹಿ ಹಾಕಬಹುದು. ಒಪ್ಪಂದ ಪೂರ್ತಿ ಮುಗಿದ ಮೇಲೆ ಹೋದರೆ ಹಳೆಯ ಕ್ಲಬ್‌ಗೆ ಟ್ರಾನ್ಸ್‌ಫರ್ ದುಡ್ಡು ಕೊಡಬೇಕಿಲ್ಲ. ಒಪ್ಪಂದದ ನಡುವೆ, ದುಡ್ಡು ಕೊಟ್ಟು ದೇಶದಿಂದ ದೇಶಕ್ಕೆ ಕೊಂಡರೆ, ಆ ದುಡ್ಡಿನ 5 ಶೇಕಡಾ ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿದ ಕ್ಲಬ್‌ಗಳಿಗೆ ಹಂಚಿ ಹೋಗಬೇಕು. ಹುಡುಗ ಎಂದಾದರೂ ಹೊರದೇಶಕ್ಕೆ ಹೋದರೆ, ಅವನನ್ನು ಬೆಳೆಸಿದ ಸಣ್ಣ ಕ್ಲಬ್‌ಗೂ ಒಂದು ಪಾಲು ಸಿಗುವುದು ಇದರಿಂದಲೇ. ಆದರೆ ಎಲ್ಲದಕ್ಕೂ ದಾಖಲೆ ಬೇಕು.

ಒಂದು ಘಟನೆ ಹೇಳುತ್ತೇನೆ. ಹೆಸರು ಬೇಡ, ಕ್ಲಬ್ ಹೆಸರೂ ಬೇಡ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಹೊರಗೆ, ರಿಜಿಸ್ಟ್ರೇಷನ್ ಮುಗಿಯುವ ದಿನ, ಸಂಜೆ. ಒಬ್ಬ ಹುಡುಗ, ಒಳ್ಳೆಯ ಸ್ಟ್ರೈಕರ್, ಬೈಕ್ ಸೀಟಿನ ಮೇಲೆ ಫಾರಂ ಇಟ್ಟು ಸಹಿ ಹಾಕುತ್ತಿದ್ದ. ಫಾರಂನ ಅರ್ಧ ಖಾಲಿ. "ಆಮೇಲೆ ತುಂಬಿಕೊಳ್ಳುತ್ತೇವೆ" ಅಂದಿದ್ದರಂತೆ. ವಾರದ ಹಿಂದೆ ಇನ್ನೊಂದು ಕ್ಲಬ್‌ಗೂ ಹೀಗೇ ಸಹಿ ಹಾಕಿ ಹತ್ತು ಸಾವಿರ ಅಡ್ವಾನ್ಸ್ ತೆಗೆದುಕೊಂಡಿದ್ದ. ಎರಡೂ ಕಡೆಯವರು ಹಕ್ಕು ಸಾಧಿಸಿದರು. ಹುಡುಗ ಆ ಸೀಸನ್ ಪೂರ್ತಿ ಗ್ಯಾಲರಿಯಲ್ಲಿ ಕೂತು ಕಡಲೆಕಾಯಿ ತಿಂದ. ಮುಂದಿನ ವರ್ಷ ಕರೆಯುವವರಿರಲಿಲ್ಲ. ಅವನಿಗೆ ಎರಡು ಕ್ಲಬ್ ಜಾಸ್ತಿಯಾದದ್ದಲ್ಲ, ಒಂದು ಫೋಟೊಕಾಪಿ ಕಡಿಮೆಯಾದದ್ದು.

ಹಾಗಾಗಿ ನಿಮ್ಮ ಭಾವನಿಗೆ ಹೇಳಿ, ನಾಲ್ಕು ಅನ್ನುವ ಅಂಕಿಗೆ ಸಿಟ್ಟಾಗುವುದು ಬೇಡ. ಹುಡುಗನ ಹತ್ತಿರ ಕೂತು ಒಂದೊಂದೇ ಕೇಳಲಿ. ಅಲ್ಲಿ ಯಾರು ಕರೆದರು? ಎಷ್ಟು ನಿಮಿಷ ಆಡಿದೆ? ಯಾಕೆ ಬಿಟ್ಟೆ? ಆ ಕೋಚ್‌ಗೆ ಈಗ ಫೋನ್ ಮಾಡಿದರೆ ಎತ್ತುತ್ತಾರಾ? ಹೆಚ್ಚು ಆಡಲು ಸಿಗುತ್ತದೆ ಅಂತ ಹೋಗಿದ್ದರೆ ಸರಿ. ಎರಡು ಸಾವಿರ ರೂಪಾಯಿ ಜಾಸ್ತಿ ಅಂತಲೋ, ಕೋಚ್ ಒಂದು ಮಾತು ಅಂದರು ಅಂತಲೋ ಹೋಗಿದ್ದರೆ ಭಾವನ ಗಾದೆಗೆ ಅರ್ಥವಿದೆ. 20ಕ್ಕೆ ಒಂದು ಕಡೆ ಎರಡು ಸೀಸನ್ ನಿಂತು ಆಡಿದರೆ ಒಬ್ಬ ಕೋಚ್ ಆದರೂ ಅವನ ಆಟದ ತಪ್ಪುಗಳನ್ನು ಗುರುತಿಸಿ ತಿದ್ದುತ್ತಾನೆ. ಊರೂರು ಸುತ್ತುವವನಿಗೆ ಸಿಗದೇ ಹೋಗುವುದು ಅದೊಂದೇ.

ಅವನ ಹೆಸರು ಫೆಡರೇಷನ್ನಿನ ಸಿಆರ್‌ಎಸ್‌ನಲ್ಲಿ (ಆಟಗಾರರ ರಿಜಿಸ್ಟ್ರೇಷನ್ ಇಡುವ ವ್ಯವಸ್ಥೆ) ಈಗ ಯಾವ ಕ್ಲಬ್ ಅಡಿಯಲ್ಲಿದೆ ಅಂತ ನೋಡಿಸಿ. ನಾಲ್ಕೂ ಕ್ಲಬ್‌ಗಳ ಒಪ್ಪಂದದ ಪ್ರತಿ ಅವನ ಕೈಯಲ್ಲಿದೆಯಾ? ಇಲ್ಲದಿದ್ದರೆ ಈ ವಾರವೇ ಹೋಗಿ ಕೇಳಿ ತರಲಿ. ಸೀಸನ್ ಶುರುವಾದ ಮೇಲೆ ಆ ಆಫೀಸುಗಳಲ್ಲಿ ಯಾರೂ ಕೈಗೆ ಸಿಗುವುದಿಲ್ಲ.